ಹಗ್ಗ ಹಿಡಿದ ಗುರುಗಳು

ಕೃಷ್ಣೆಯ ದಂಡೆಯ ಕರಿಹಾಳದಲ್ಲಿ ಪೂಜ್ಯ ಶ್ರೀ ಶಂಭುಲಿಂಗ ಸ್ವಾಮಿಗಳಿಗೆ ಮಠವೆಂಬುದು ಇರಲಿಲ್ಲ. ಊರಾಚೆಯ ಗುಡ್ಡದ ಮೇಲೆ ಒಂದು ಹಾಳು ಮಂಟಪ, ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ. ಅವರ ಆಸ್ತಿ ಅಷ್ಟೇ. ಆ ವರ್ಷ ಹೊಳೆ ಉಕ್ಕಿ ಊರನ್ನು ಮುಳುಗಿಸಿದಾಗ, ಬದುಕಿ ಉಳಿದವರೆಲ್ಲ ಆ ಗುಡ್ಡವನ್ನೇ ಹತ್ತಿದರು. ಸ್ವಾಮಿಗಳು ಮಂಟಪವನ್ನು ಬಾಣಂತಿಯರಿಗೂ ರೋಗಿಗಳಿಗೂ ಬಿಟ್ಟುಕೊಟ್ಟು, ತಾವು ಒಂದು ಬಂಡೆಯ ಮಗ್ಗುಲಲ್ಲಿ ಆಸನ ಮಾಡಿಕೊಂಡರು.

ನೆರೆ ಇಳಿದ ಐದನೆಯ ದಿನ ಅಲ್ಲಿಗೆ ದುರ್ಗಪ್ಪನು ಬಂದನು. ಬಾವಿ ತೋಡುವುದು ಅವನ ಮನೆತನದ ಕಸುಬು. ಗೋಡೆ ಕುಸಿದು ಅವನ ಎಂಟು ವರ್ಷದ ಮಗಳು ಹುಲಿಗೆವ್ವ ತೀರಿಹೋಗಿದ್ದಳು. ಹೆಂಡತಿ ಗಾಳೆವ್ವ ಅಂದಿನಿಂದ ಒಂದು ಮಾತೂ ಆಡಿರಲಿಲ್ಲ. ಕೊಟ್ಟದ್ದನ್ನು ಸರಿಯಾಗಿ ಉಣ್ಣದೆ ಗುಡ್ಡದ ಅಂಚಿನಲ್ಲಿ ಕುಳಿತಿರುತ್ತಿದ್ದಳು. ಊರು ಬಿಟ್ಟು ಹೋಗುವುದೆಂದು ದುರ್ಗಪ್ಪನು ನಿಶ್ಚಯಿಸಿದ್ದನು. ಹೋಗುವ ಮುನ್ನ ಸ್ವಾಮಿಗಳನ್ನು ಒಂದು ಮಾತು ಕೇಳಿಯೇ ಹೋಗಬೇಕೆಂಬ ಹಟ ಅವನಿಗೆ. ನಮಸ್ಕರಿಸದೆ ಎದುರು ನಿಂತನು.

"ಅಜ್ಜಾರ, ಇಷ್ಟ ವರ್ಷ ನಿಮ್ಮ ಮಾತು ನಂಬಿ ದೇವರಿಗೆ ಕೈ ಮುಗದೀನಿ. ನನ್ನ ಕೂಸನ್ನ ಆ ದೇವರು ಯಾಕ ಹಿಡಕೊಳ್ಳಲಿಲ್ಲ?"

ಸುತ್ತಲಿದ್ದವರು ಗಾಬರಿಯಾದರು. ಒಬ್ಬಿಬ್ಬರು ಅವನನ್ನು ಗದರಿಸಲು ಎದ್ದರು. ಸ್ವಾಮಿಗಳು ಕೈಯೆತ್ತಿ ಅವರನ್ನು ತಡೆದರು. ದುರ್ಗಪ್ಪನ ಕಡೆ ತಿರುಗಿ, ಮೆಲ್ಲಗೆ ನುಡಿದರು:

"ಅದು ನನಗೂ ತಿಳೀದಪ್ಪಾ. ಆದರ ಇಲ್ಲಿ ಉಳದ ಕೂಸುಗಳು ಹೊಳಿಯ ಕೆಟ್ಟ ನೀರು ಕುಡದು ನರಳಾಕತ್ತಾವ. ಊರ ಬಾವಿಯ ಆಳ-ಅಗಲ ಗೊತ್ತಿದ್ದಾಂವ ನೀ ಒಬ್ಬನ. ನೀ ಇಳಿ, ಹಗ್ಗ ನಾ ಹಿಡೀತೀನಿ."

ಸಮಾಧಾನದ ನಾಲ್ಕು ಮಾತು ಹೇಳಿದ್ದರೆ ದುರ್ಗಪ್ಪನು ಸಿಡಿದು ಹೋಗಿಬಿಡುತ್ತಿದ್ದನು. ತಿಳಿಯದೆಂದು ಗುರುಗಳೇ ಒಪ್ಪಿಕೊಂಡದ್ದರಿಂದ ಅವನು ನಿಂತನು. ಅಷ್ಟರಲ್ಲಿ ಸ್ವಾಮಿಗಳು ಎದ್ದು ಗುಡ್ಡ ಇಳಿಯತೊಡಗಿದ್ದರು. ಎಪ್ಪತ್ತು ದಾಟಿದ ಆ ದೇಹ ಕೆಸರಿನಲ್ಲಿ ಜಾರುತ್ತ ಸಾಗುವುದನ್ನು ಕಂಡು, ಅವನು ಬೇಡವೆಂದುಕೊಂಡೇ ಹಿಂದೆ ನಡೆದನು.

ಬಾವಿಯ ಬಾಯಿಯವರೆಗೂ ಹೂಳು ನೀರು ನಿಂತಿತ್ತು. ಸತ್ತ ಆಡುಗಳು ತೇಲುತ್ತಿದ್ದವು. ಮೊದಲ ದಿನ ಇಬ್ಬರೇ ಕೊಡಗಟ್ಟಲೆ ಎತ್ತಿ ಚೆಲ್ಲಿದರು. ಎರಡನೆಯ ದಿನ ಗುಡ್ಡದಿಂದ ಐದಾರು ಮಂದಿ ಬಂದು ಕೈಜೋಡಿಸಿದ ಮೇಲೆ ನೀರು ತಗ್ಗಿತು. ಮೂರನೆಯ ದಿನ ಒಳಗೆ ಕೆಟ್ಟ ಗಾಳಿ ಇದೆಯೋ ಎಂದು ತಿಳಿಯಲು ಕಂದೀಲು ಇಳಿಬಿಟ್ಟು, ಅದು ಆರದಿದ್ದುದನ್ನು ನೋಡಿಕೊಂಡು, ದುರ್ಗಪ್ಪನು ಸೊಂಟಕ್ಕೆ ಹಗ್ಗ ಕಟ್ಟಿ ಹೂಳು ತೋಡಲು ಇಳಿದನು. ಹಗ್ಗವನ್ನು ಕಲ್ಲುಕಂಬಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಸ್ವಾಮಿಗಳು ಹಿಡಿದರು. ಬೇರೆಯವರು ಕೇಳಿದರೂ ಕೊಡಲಿಲ್ಲ.

ನಡುಮಧ್ಯಾಹ್ನ ಅವನು ಬಾವಿಗೋಡೆಯ ಮೆಟ್ಟಿಲು ಹಿಡಿದು ಮೇಲೆ ಬರುತ್ತಿದ್ದಾಗ, ಗೋಡೆ ಒಂದು ಕಡೆ ಸಡಿಲಿ ಕಲ್ಲುಗಳು ಉರುಳಿದವು. ದುರ್ಗಪ್ಪನ ಕಾಲಡಿ ಮೆಟ್ಟಿಲೇ ಇಲ್ಲದಾಯಿತು. ಅವನು ಬಾವಿಯ ನಡುವೆ ತೂಗಿದನು. ಅವನ ಭಾರಕ್ಕೆ ಹಗ್ಗ ಸರ್ರನೆ ಜಾರಿತು. ಮಗಳು ಹೋದ ದಾರಿಯಲ್ಲೇ ತಾನೂ ಹೋದರಾಯಿತೆಂದು ಅವನಿಗೆ ಆ ಕ್ಷಣ ಅನಿಸಿತಂತೆ. ಮರುಕ್ಷಣವೇ ಹಗ್ಗ ಬಿಗಿಯಿತು. ಹತ್ತಾರು ಕೈಗಳು ಸೇರಿ ಅವನನ್ನು ಮೇಲೆತ್ತಿದವು.

ಮೇಲೆ ಬಂದವನು ಕಂಡದ್ದು, ಕಂಬಕ್ಕೆ ಆತು ಕುಳಿತ ಸ್ವಾಮಿಗಳನ್ನು. ಅಂಗೈಗಳ ಚರ್ಮ ಸುಲಿದು ಹಗ್ಗವೆಲ್ಲ ಕೆಂಪಾಗಿತ್ತು. ಹಗ್ಗವನ್ನು ಅವರಿನ್ನೂ ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ದುರ್ಗಪ್ಪನು ತನ್ನ ರುಮಾಲನ್ನು ಹರಿದು ಆ ಕೈಗಳಿಗೆ ಕಟ್ಟಿದನು. ಕಟ್ಟುತ್ತಿದ್ದಂತೆ ಅವನ ಕಣ್ಣಲ್ಲಿ ನೀರು ಬಂತು. ಮಗಳು ಸತ್ತ ದಿನವೂ ಬಾರದಿದ್ದ ನೀರು ಅದು. ಸ್ವಾಮಿಗಳು ಅಳಬೇಡವೆನ್ನಲಿಲ್ಲ. ಅವನು ಸಾಕಷ್ಟು ಅತ್ತಮೇಲೆ, ಇನ್ನೆಷ್ಟು ಆಳ ಉಳಿದಿದೆಯೆಂದು ಮಾತ್ರ ವಿಚಾರಿಸಿದರು. ಎರಡಾಳುದ್ದ ಎಂದನು ದುರ್ಗಪ್ಪ. ಮುಖ ತೊಳೆದುಕೊಂಡು, ಸಡಿಲಿದ ಕಲ್ಲುಗಳನ್ನು ಕಟ್ಟಲು ತಾನೇ ಮತ್ತೆ ಇಳಿದನು.

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಗಂಟುಮೂಟೆ ಕಟ್ಟಿ ಹೊರಟುನಿಂತಿದ್ದವರೂ ಬುಟ್ಟಿ ಹಿಡಿದು ಸಾಲಾಗಿ ನಿಂತರು. ಎಂಟನೆಯ ದಿನ ತಳದ ಸೆಲೆ ಬಿಚ್ಚಿತು. ಸುಣ್ಣ ಹಾಕಿ, ಎರಡು ಸಲ ಬತ್ತಿಸಿ, ಮೂರನೆಯ ಸಲ ತುಂಬಿದ ತಿಳಿನೀರಿನ ಮೊದಲ ಕೊಡವನ್ನು ಊರವರು ಸ್ವಾಮಿಗಳ ಮುಂದಿಟ್ಟರು. ಅವರು ಅದನ್ನು ಮುಟ್ಟದೆ ದುರ್ಗಪ್ಪನ ಕಡೆ ನೋಡಿ ಹೇಳಿದರು: "ಮೊದಲ ಆ ತಾಯಿಗೆ ಕೊಡು."

ದುರ್ಗಪ್ಪನು ಕೊಡ ಹೊತ್ತು ಗುಡ್ಡ ಹತ್ತಿದನು. ಒಂದು ತಂಬಿಗೆ ಬಗ್ಗಿಸಿ ಹೆಂಡತಿಯ ತುಟಿಗೆ ಹಿಡಿದನು. ಮಗಳಿಗೆ ನೀರು ಕುಡಿಸುತ್ತಿದ್ದಂತೆಯೇ ಅವಳ ತಲೆಯನ್ನು ಎಡಗೈಯಲ್ಲಿ ಆನಿಸಿಕೊಂಡಿದ್ದನು. ಗಾಳೆವ್ವ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಬಳಿಕ ಮಂಟಪದೊಳಗೆ ನರಳುತ್ತಿದ್ದ ಮಕ್ಕಳ ಕಡೆ ತಿರುಗಿ, ಮಗಳು ಹೋದಂದಿನಿಂದ ಮೊದಲ ಬಾರಿಗೆ ಬಾಯಿ ತೆರೆದಳು.

"ಆ ಕೂಸುಗಳಿಗೆ ಕೊಟ್ಟೀರೇನು?"

ಇನ್ನೂ ಇಲ್ಲವೆಂದನು ದುರ್ಗಪ್ಪ. ಗಾಳೆವ್ವ ನೆಲಕ್ಕೆ ಕೈಯೂರಿ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನ ಕೈಯಿಂದ ಕೊಡ ತೆಗೆದುಕೊಂಡು ಮಂಟಪದೊಳಗೆ ನಡೆದಳು. ಅವಳ ಹಿಂದೆಯೇ ದುರ್ಗಪ್ಪನು ತಂಬಿಗೆ ಹಿಡಿದು ಒಳಹೊಕ್ಕನು.