ಮೈದುನ ಹಿಡಿದ ಹಗ್ಗ

“ಶೋಧನೆಯ ಹೊತ್ತಿನಲ್ಲಿ, ಕೆಟ್ಟ ಆಸೆ ಸೆಳೆಯುವಾಗ, ಕೂಗಿದರೆ ಪ್ರಭು ಕೈ ಹಿಡಿಯುತ್ತಾನೆ ಎಂದು ನೀವೇ ಕಲಿಸಿದಿರಿ, ಸ್ವಾಮಿ. ನಾನು ಕೂಗಿದೆ. ಅವನೇಕೆ ಬರಲಿಲ್ಲ?”

ಕೇಳಿದವನು ಇನ್ನಾಸಪ್ಪ. ಉಪದೇಶಿಯಾಗಬೇಕೆಂದು ದೇವಾಲಯದ ಗುರುಗಳ ಬಳಿ ಎರಡು ವರ್ಷದಿಂದ ಕಲಿಯುತ್ತಿದ್ದ ಶಿಷ್ಯ. ಪ್ರಭು ಸಾವಿನಿಂದ ಎದ್ದ ಪಾಸ್ಕ ಹಬ್ಬದ ದಿನ ಪೀಠದ ಮುಂದೆ ಮೊಣಕಾಲೂರಿ, ಇನ್ನು ಹೆಂಡ ಮುಟ್ಟುವುದಿಲ್ಲವೆಂದು ಆಣೆ ಇಟ್ಟಿದ್ದ. ಐದು ತಿಂಗಳು ನಡೆಸಿದ. ಕಳೆದ ಸಂತೆಯ ದಿನ ಮುರಿದ. ಮರುದಿನ ಹೆಂಡತಿ ಮಗುವನ್ನು ಎತ್ತಿಕೊಂಡು ತವರಿಗೆ ಹೊರಟುಹೋದಳು.

“ಹೆಂಡದಂಗಡಿಯ ಬೆಂಚಿನ ಮೇಲೆ ಕುಳಿತೇ ಕೂಗಿದೆ. ಲೋಟ ಕೈಯಲ್ಲಿತ್ತು. ಬೆಂಗಾಡಿನಲ್ಲಿ ನಲವತ್ತು ದಿನ ಶೋಧನೆಯನ್ನು ಕಂಡ ಪ್ರಭುವಿಗೆ ನನ್ನ ಸಂಕಟ ತಿಳಿಯಬೇಕಿತ್ತು. ಇನ್ನು ನಾನು ದೇವಾಲಯಕ್ಕೆ ಬರುವುದಿಲ್ಲ. ಹೇಳಿ ಹೋಗೋಣವೆಂದು ಬಂದೆ.”

ಗುರುಗಳು ಬೈಯಲಿಲ್ಲ, ತಡೆಯಲೂ ಇಲ್ಲ. ಕುಳಿತುಕೋ ಎಂದು ಹೇಳಿ ಒಂದು ಕತೆ ಆರಂಭಿಸಿದರು.

ಒಬ್ಬ ಜೇನು ಕೀಳುವವನಿದ್ದ. ಕಡಿದಾದ ಬಂಡೆಗಳಿಂದ ಹೆಜ್ಜೇನು ಇಳಿಸುವುದು ಅವನ ಕಸುಬು. ಆ ಕಸುಬಿನವರಲ್ಲಿ ಒಂದು ಕಟ್ಟಳೆ ಇತ್ತು. ಬಂಡೆಗೆ ಇಳಿಯುವವನ ಹಗ್ಗವನ್ನು ಅವನ ಅಣ್ಣತಮ್ಮಂದಿರು ಹಿಡಿಯುವಂತಿಲ್ಲ. ಹೆಂಡತಿಯ ತಮ್ಮನೇ ಹಿಡಿಯಬೇಕು. ಒಡಹುಟ್ಟಿದವನ ಮನಸ್ಸು ಆಸ್ತಿಯ ಪಾಲಿನ ಕಡೆಗೆ ಜಾರಿದರೂ ಜಾರೀತು, ಅಕ್ಕನ ತಾಳಿಯನ್ನು ನೆನೆದವನ ಕೈ ಜಾರದು ಎಂಬುದು ಹಿರಿಯರ ನಂಬಿಕೆ.

ಮೇಲೆ ನಿಂತವನಿಗೆ ಜೇನು ಕಾಣುವುದಿಲ್ಲ. ಹಗ್ಗ ಬಂಡೆಯ ಅಂಚಿಗೆ ಉಜ್ಜುವುದು ಕಾಣುತ್ತದೆ, ಇನ್ನೆಷ್ಟು ಹಗ್ಗ ಉಳಿದಿದೆ ಎಂಬುದು ಕಾಣುತ್ತದೆ. ಅವನು ಎರಡು ಸಲ ಜಗ್ಗಿದರೆ ಮೇಲೆ ಬಾ ಎಂದು ಅರ್ಥ.

ಒಂದು ದಿನ ಒಂದು ಜೇನುಹುಟ್ಟನ್ನು ಕಿತ್ತು ಬುಟ್ಟಿ ತುಂಬಿಸುವ ವೇಳೆಗೆ ಜೇನು ಕೀಳುವವನಿಗೆ ಪಕ್ಕದಲ್ಲಿ ಇನ್ನೊಂದು ಕಂಡಿತು. ಮೊದಲಿನದಕ್ಕಿಂತ ದೊಡ್ಡದು. ಅವನು ಅತ್ತ ಬಾಗಿದ. ಸೊಂಟದ ಹಗ್ಗ ಎರಡು ಸಲ ಜಗ್ಗಿತು.

“ಏನೋ, ನಾನು ಸತ್ತರೆ ನಿನ್ನಕ್ಕ ಬಂದು ನಿನ್ನ ಮನೆಯಲ್ಲಿ ಕೂರುತ್ತಾಳೆಂದು ಹೆದರಿಕೆಯೇ? ಸಡಿಲ ಬಿಡು,” ಎಂದು ಕೆಳಗಿನಿಂದ ಕೂಗಿದ.

“ಹೌದು ಭಾವ, ಅವಳ ಬಾಯಿಗೆ ಹೆದರಿಯೇ ಹಿಡಿದಿದ್ದೇನೆ. ಹಗ್ಗ ಮುಗಿಯಿತು. ಮೇಲೆ ಬಾ.”

ಅವನು ನಕ್ಕು ಮತ್ತೆ ಬಾಗಿದ. ಮತ್ತೆ ಜಗ್ಗಿತು. ಕೈ ಇನ್ನೇನು ಹುಟ್ಟಿಗೆ ತಾಗಬೇಕು, ಆಗಲೇ ಮೂರನೆಯ ಸಲ ಜಗ್ಗಿತು. ಅವನಿಗೆ ರೇಗಿತು. ಕಾಲಿಗೆ ಬಂಡೆಯ ಒಂದು ಚಾಚು ಸಿಕ್ಕಿತ್ತು. ಅದರ ಮೇಲೆ ನಿಂತು ಹಗ್ಗವನ್ನು ಬಿಚ್ಚಿದ. ಮೇಲಿನವನಿಗೆ ಅನುಮಾನ ಬಾರದಿರಲೆಂದು ಅದರ ತುದಿಯನ್ನು ಬಂಡೆಯ ಸಂದಿನಲ್ಲಿದ್ದ ಒಂದು ಮರದ ಬೇರಿಗೆ ಬಿಗಿದು ಕಟ್ಟಿದ. ಸೊಂಟ ಹಗುರವಾಯಿತು. ಅದನ್ನೇ ಅವನು ನೆಮ್ಮದಿ ಎಂದುಕೊಂಡ.

ನಾಲ್ಕು ಹೆಜ್ಜೆ ಸರಿದ. ಐದನೆಯದು ಜಾರಿತು. “ಹಿಡಿಯೋ” ಎಂದು ಅರಚಿದ. ಮೇಲೆ ಮೈದುನ ಎರಡೂ ಕಾಲುಗಳನ್ನು ಬಂಡೆಗೆ ಒತ್ತಿ, ಇದ್ದ ಬಲವನ್ನೆಲ್ಲ ಹಾಕಿ ಹಿಡಿದ.

ಕೆಳಗಿನ ಮರವೊಂದು ತಡೆದು ಜೀವ ಉಳಿಯಿತು. ಸೊಂಟ ಮುರಿಯಿತು. ಮೈದುನ ಸುತ್ತುದಾರಿಯಲ್ಲಿ ಓಡಿ ಬಂದಾಗ ಬಿದ್ದವನು ಮೊದಲು ಕೇಳಿದ್ದು ನೀರನ್ನಲ್ಲ.

“ಅಷ್ಟು ಕೂಗಿದೆನಲ್ಲೋ. ಏಕೆ ಕೈಬಿಟ್ಟೆ?”

ಮೈದುನ ಎರಡೂ ಅಂಗೈಗಳನ್ನು ಚಾಚಿದ. ಚರ್ಮ ಸುಲಿದಿತ್ತು. “ಬಿಡಲಿಲ್ಲ ಭಾವ. ಬೇರು ಕಿತ್ತುಬರುವ ತನಕ ಎಳೆದೆ. ಹಗ್ಗದಲ್ಲಿ ನೀನಿರಲಿಲ್ಲ.”

ಜೇನು ಕೀಳುವವನು ಬಹಳ ವರ್ಷ ಬದುಕಿದ. ಮತ್ತೆ ಬಂಡೆಗೆ ಇಳಿಯಲಿಲ್ಲ. ಜೇನಿನ ಕಾಲ ಬಂತೆಂದರೆ ಜಗಲಿಯ ಮೇಲೆ ಕುಳಿತು ಸೊಂಟವನ್ನು ಸವರಿಕೊಳ್ಳುತ್ತಿದ್ದ. ನೋಯುತ್ತದೆಯೇ ಎಂದು ಹೆಂಡತಿ ಕೇಳುವಳು. ಇಲ್ಲ ಎನ್ನುವನು. ಮತ್ತೇನು ಎಂದರೆ, ಹಗ್ಗ ಕಟ್ಟುತ್ತಿದ್ದ ಜಾಗವನ್ನು ಮತ್ತೊಮ್ಮೆ ಸವರುವನು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಇನ್ನಾಸಪ್ಪನಿಗೆ ಕತೆ ಚುಚ್ಚಿತು. ಅವನು ತಲೆ ಎತ್ತದೆಯೇ ವಾದಿಸಿದ. “ಆ ಮನುಷ್ಯ ತಾನಾಗಿಯೇ ಬಿಚ್ಚಿಕೊಂಡ, ಸ್ವಾಮಿ. ನಾನೇನನ್ನೂ ಬಿಚ್ಚಲಿಲ್ಲ. ಬಿದ್ದೆ, ಅಷ್ಟೆ.”

“ಮನೆಯಿಂದ ಆ ಬೆಂಚಿನವರೆಗೆ ನಡೆದ ದಾರಿಯಲ್ಲಿ ನಿನ್ನ ಹಗ್ಗ ಎಷ್ಟು ಸಲ ಜಗ್ಗಿತು, ಇನ್ನಾಸಪ್ಪ?”

ಇನ್ನಾಸಪ್ಪ ಒಂದೊಂದೇ ಬೆರಳು ಮಡಿಚುತ್ತ ಹೋದ. ಒಂದು ಕೈ ಸಾಲಲಿಲ್ಲ. ಅವನು ಎದ್ದು ಹೋಗದೆ ಇನ್ನೊಂದು ಕೈಯ ಬೆರಳು ಮಡಿಚತೊಡಗಿದ.