ಐನೂರಕ್ಕೆ ಸಾಲುವ ಸರ್ವರ್

ದೊಡ್ಡ ಸರ್ವರ್ ಇದ್ದ ಸಂಘವೇ ದೊಡ್ಡ ಸಂಘ ಎಂದು ಆಗ ಕೆಂಚನಾಳದಲ್ಲಿ ಎಲ್ಲರೂ ನಂಬಿದ್ದರು. ಸರ್ವರ್ ಎಂದರೇನು ಎಂದು ಯಾರೂ ಕೇಳಿರಲಿಲ್ಲ. ಹಾಗಾಗಿ ನಂಬಿಕೆ ಗಟ್ಟಿಯಾಗಿತ್ತು.

ನೇಕಾರರ ಸಂಘದ ಅಧ್ಯಕ್ಷ ಮೂಕಪ್ಪನವರು ಹೆಸರಿಗಷ್ಟೇ ಮೂಕಪ್ಪ.

"ಪಕ್ಕದೂರ ಸಂಘಕ್ಕ ಕಪಾಟಿನಷ್ಟು ಸರ್ವರ್ ಬಂದೈತಿ. ನಮಗ ಅದಕ್ಕಿಂತ ದೊಡ್ಡದು ಬೇಕು," ಎಂದು ಗುಮಾಸ್ತ ಫಕೀರಪ್ಪನಿಗೆ ಅಪ್ಪಣೆ ಮಾಡಿದರು. "ಅದಕ್ಕೊಂದು ಕೋಣಿನೂ ಬೇಕಂತ. ನೂಲು ಸುತ್ತೋ ಹೆಣ್ಮಕ್ಕಳನ್ನ ಸೋಮವಾರ ಹೊರಗ ಹಾಕು."

ಸಂಘಕ್ಕೆ ಇದ್ದದ್ದು ಅದೊಂದೇ ಕೋಣೆ. ಅಲ್ಲಿ ಎಂಟು ಹೆಂಗಸರು ರಾಟೆ ಹಾಕಿಕೊಂಡಿದ್ದರು. ಹೊರಗೆ ಬರೀ ಬಿಸಿಲು, ಧೂಳು.

"ನಮಗ ಅಷ್ಟು ದೊಡ್ಡದು ಯಾಕ್ರಿ..."

"ನಿನಗೇನ್ ತಿಳೀತೈತಿ, ಸುಮ್ನಿರು!"

ಫಕೀರಪ್ಪ ತಲೆಯಾಡಿಸಿ ರಾಟೆಯ ಕೋಣೆಗೆ ನಡೆದ. ಅಧ್ಯಕ್ಷರಿಗೆ ಉತ್ತರ ಹೇಳಬಾರದು, ಅವರ ಬಾಯಿಂದಲೇ ಹೊರಡಿಸಬೇಕು. ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಕಲಿತದ್ದು ಅಷ್ಟೇ.

"ಎಲ್ಲಿಗೆ ಹೋಗೂಣೋ ತಮ್ಮಾ?" ಎಂದಳು ರಾಟೆಯ ದ್ಯಾಮವ್ವ.

"ಎಲ್ಲಿಗೂ ಬ್ಯಾಡ ದೊಡ್ಡವ್ವ. ಸುತ್ತತಾ ಇರು."

ಸೋಮವಾರ ಸರ್ವರ್ ಲಾರಿಯಲ್ಲಿ ಬಂತು, ಮಾರುವವನು ಟೈ ಕಟ್ಟಿಕೊಂಡು ಬಂದ. ಸದಸ್ಯರೆಲ್ಲ ಅಂಗಳದಲ್ಲಿ ಸೇರಿದ್ದರು. ಮೂಕಪ್ಪನವರು ಸಹಿಗೆ ಪೆನ್ನು ತೆಗೆದರು.

"ಅಧ್ಯಕ್ಷರ, ಪದ್ಧತಿ!" ಎಂದ ಫಕೀರಪ್ಪ. "ಒಂದು ಲಾಳಿ ಬಂದ್ರೂ ಮಗ್ಗಕ್ಕ ಹಾಕಿ ಗೇಣು ಸೀರಿ ನೇಯ್ದು ನೋಡದ ನೀವು ಸಹಿ ಮಾಡಿದವರಲ್ಲ."

ಮೂಕಪ್ಪನವರ ಎದೆ ಉಬ್ಬಿತು. "ನಮ್ಮಪ್ಪ ಹಾಕಿದ ಪದ್ಧತಿ ಅದು! ನಡಸಿ ತೋರಸ್ರಿ, ಮಂದಿ ನೋಡ್ಲಿ."

"ನಿಮ್ಮ ಎದುರಿಗೇ ನಡೆಸುತ್ತೇನೆ ಸರ್," ಎಂದ ಮಾರುವವನು. "ಐನೂರು ಕಂಪ್ಯೂಟರ್ ಒಟ್ಟಿಗೆ ಮೈಮೇಲೆ ಬಿದ್ದರೂ ಜಗ್ಗುವುದಿಲ್ಲ."

"ಪಕ್ಕದೂರಿಂದು?"

"ಇನ್ನೂರಕ್ಕೇ ಸುಸ್ತು ಸರ್."

ಚಪ್ಪಾಳೆ ಬಿತ್ತು. ಮೂಕಪ್ಪನವರು ಎದ್ದು ನಿಂತು ಕೈಮುಗಿದರು.

ಮಾರುವವನು ತಂತಿಯ ಸುರುಳಿ ಬಿಚ್ಚಿದ. "ಎಲ್ಲಕ್ಕೂ ಜೋಡಿಸಿಬಿಡೋಣ. ನಿಮ್ಮಲ್ಲಿ ಕಂಪ್ಯೂಟರ್ ಎಷ್ಟಿವೆ ಸರ್?"

ಅಧ್ಯಕ್ಷರು ಫಕೀರಪ್ಪನನ್ನು ನೋಡಿದರು. ಫಕೀರಪ್ಪ ಸೂರು ನೋಡಿದ.

"ಹೇಳ್ರಲ್ಲ ಅಧ್ಯಕ್ಷರ," ಎಂದಳು ಬಾಗಿಲಲ್ಲಿ ನಿಂತ ದ್ಯಾಮವ್ವ.

ಮೂಕಪ್ಪನವರು ಮೊದಲ ಬಾರಿಗೆ ಹೆಸರಿಗೆ ತಕ್ಕಂತೆ ನಿಂತರು. ಆಮೇಲೆ ಅವರಿಗೇ ನಗು ತಡೆಯಲಿಲ್ಲ. ಪೆನ್ನು ಜೇಬಿಗಿಟ್ಟರು. "ದ್ಯಾಮವ್ವ, ಒಳಗ ನಡಿ, ರಾಟಿ ತಿರುವು. ಫಕೀರಪ್ಪಗ ಚಾ ತರಸ್ರಿ, ಕಳ್ಳ ಅದಾನ."

ಮಾರುವವನು ಇನ್ನೂ ತಂತಿ ಹಿಡಿದು ಕಂಪ್ಯೂಟರ್ ಲೆಕ್ಕಕ್ಕೆ ಕಾಯುತ್ತಿದ್ದ.

"ಒಂದು," ಎಂದರು ಮೂಕಪ್ಪನವರು.