ಕೇಳಿ ತಂದ ಕೆಂಡ

ಬೆಂಕಿ ಹತ್ತಿರ ಸರಿದು ಕೂತು ಕೇಳಿ. ಆದರೆ ಆ ಬೆಂಕಿ ಯಾರ ಮನೆಯದು ಅಂತ ಮೊದಲು ವಿಚಾರಿಸಿಕೊಳ್ಳಿ!

ಹೊಂಬಾಳಮ್ಮ ಅಂತ ಒಬ್ಬ ಹೆಂಗಸು. ಅವಳಿಗೊಬ್ಬ ಮಗ, ಜವರ. ಆಳು ಎತ್ತಿನಷ್ಟು, ಬುದ್ಧಿ ಎಳ್ಳಿನಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವಳ ಗ್ರಹಚಾರ. ಮಗಳು ಚೆಲುವಿ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳ ಮೊದಲ ಕೂಸು ಶೀತ ಹತ್ತಿ ಕೈಬಿಟ್ಟು ಹೋಗಿತ್ತು. ಈ ಕೂಸನ್ನಾದರೂ ಉಳಿಸಿಕೊಳ್ಳಬೇಕು ಅನ್ನುವುದೊಂದೇ ಹೊಂಬಾಳಮ್ಮನ ಆಸೆ.

ಬೇಸಿಗೆಯಲ್ಲಿ ಅವಳು, "ಲೋ ಜವರ, ಸೆಕೆ ಕಣೋ, ಕೋಣೆ ಕಿಂಡಿ ಮುಚ್ಚಬ್ಯಾಡ," ಅಂದಿದ್ದಳು. ಮಳೆ ಬಂತು, ಹೋಯಿತು. ಚಳಿ ಬಂತು, ಕೂಸು ಬಂತು, ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಬಂತು. ಕಿಂಡಿ ಮಾತ್ರ ತೆಗೆದೇ ಇತ್ತು! ಅವಳು ಮುಚ್ಚುವಳು, ಜವರ ತೆಗೆಯುವನು. ಸೌದೆಯೆಲ್ಲ ಉರಿದು ಕಾವೆಲ್ಲ ಬೀದಿಗೆ ಹೋಯಿತು.

"ಅಯ್ಯೋ ಮಂಕೆ! ಬ್ಯಾಸಗೆ ಮಾತು ಚಳಿಗಾಲಕ್ಕಾ? ಸೌದೆ ದಂಡ ಮಾಡಬ್ಯಾಡ. ಯಾರೂ ಇಲ್ಲದ ಕೋಣೆಗೆ ಬೆಂಕಿ ಯಾಕೆ? ಆರಿಸು!"

"ಆಯ್ತವ್ವ!"

ಮಾರನೆಯ ದಿನ ಹೊಂಬಾಳಮ್ಮ ಮಗಳಿಗೆ ನೀರು ಹಾಕಲು ಬಚ್ಚಲಿಗೆ ಕರೆದುಕೊಂಡು ಹೋದಳು. ಜವರ ಕೋಣೆಗೆ ಇಣುಕಿದ. ಅಕ್ಕ ಇಲ್ಲ! ಅಗ್ಗಿಷ್ಟಿಕೆಗೆ ಒಂದು ತಂಬಿಗೆ ನೀರು ಸುರಿದ. ಚುಂಯ್! ತೊಟ್ಟಿಲ ಕಂಬಳಿಯೊಳಗಿದ್ದ ಕೂಸು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹೊಂಬಾಳಮ್ಮ ಬಂದು ನೋಡುವಾಗ ಕೂಸಿನ ತುಟಿ ನೀಲಿ. ಎದೆಗೆ ಅವುಚಿಕೊಂಡು, ಅಂಗಾಲು ಉಜ್ಜಿ ಉಜ್ಜಿ ಅಳಿಸಿದಳು. ತಾನೂ ಅತ್ತಳು.

"ಕಣ್ಣಿಗೆ ಕಾಣದಿದ್ರೆ ಇಲ್ಲ ಅಂತಾನಾ? ಕೈಯಿಟ್ಟು ನೋಡಬೇಕು ಕಣೋ! ತಣ್ಣಗಿದ್ರೆ ಬೆಂಕಿ ಹತ್ರ ಕರಕೊಂಡು ಬಾ!"

"ಆಯ್ತವ್ವ!"

ಆರಿದ ಅಗ್ಗಿಷ್ಟಿಕೆಗೆ ಕೆಂಡ ಬೇಕಲ್ಲ, ಜವರ ಓಡಿದ. ಪಕ್ಕದ ಮನೆಯ ಒಂಟಿ ಮುದುಕಿ ಕಾಟಮ್ಮಜ್ಜಿ ಒಲೆ ಮುಂದೆ ತೂಕಡಿಸುತ್ತಿದ್ದಳು. ಅವಳ ಒಲೆಯನ್ನೇ ಬಳಿದು ತಂದ. ಹಿಂದೆಯೇ ಅಜ್ಜಿ ನಡುಗುತ್ತಾ ಬಂದಳು. "ನನ್ನ ಬೆಂಕಿ ಎಲ್ಲವ್ವ?"

"ಥೂ, ಕಳ್ಳನ ಹಂಗೆ ತಂದ್ಯಾ! ಏನೇ ಆಗಲಿ ಕೇಳಿ ತಗೋಬೇಕು. ಕೇಳಿದ್ರೆ ಇಲ್ಲ ಅನ್ನಬಾರದು, ಅದು ಊರ ನ್ಯಾಯ. ತಗೊಂಡ ಮ್ಯಾಲೆ, ಚಳಿಯಾದ್ರೆ ನಮ್ಮನೇಗೇ ಬಾ ಅಂತ ಕರೀಬೇಕು!"

"ಆಯ್ತವ್ವ!"

ಚಳಿ ಇನ್ನೂ ಬಿಗಿಯಾಯಿತು. ಒಂದು ಬೆಳಗ್ಗೆ ಕಾಟಮ್ಮಜ್ಜಿ ಏಳಲೇ ಇಲ್ಲ. ಹೆಣ ಎತ್ತುವ ತನಕ ಬೀದಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಎತ್ತುವ ಹೊತ್ತಿಗೆ ಬಾಣಂತಿಯ ಅಗ್ಗಿಷ್ಟಿಕೆಯೂ ಆರಿತ್ತು. ಕೂಸು ಕುಂಯ್‌ಗುಟ್ಟಿತು.

"ಓಡೋ ಜವರ! ಎಲ್ಲಿ ದಂಡಿಯಾಗಿ ಬೆಂಕಿ ಅದೆಯೋ ಅಲ್ಲಿಂದ ತಾ! ಕೇಳಿ ತಾ!"

ಸಂಜೆಗೆ ಅವನು ಮಡಕೆ ತುಂಬ ಕೆಂಡ ತಂದ. ಎಂಥ ಕೆಂಡ! ಬೂದಿಯೇ ಕಟ್ಟದು. ಕೋಣೆ ಬೆಚ್ಚಗಾಯಿತು, ಕೂಸಿನ ಕೆನ್ನೆ ಕೆಂಪಾಯಿತು. ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಚೆಲುವಿಗೆ ಗಾಢ ನಿದ್ದೆ. ಹೊಂಬಾಳಮ್ಮನಿಗೆ ಮೊದಲ ಸಲ ಮಗನ ಮೇಲೆ ಹೆಮ್ಮೆ ಉಕ್ಕಿತು.

"ಯಾರ ಮನೇದೋ ಮಗ ಇದು?"

"ಮನೆಯಿಲ್ಲ ಅವ್ವ. ಕೆರೆ ಹಿಂದೆ. ಎಲ್ಲರೂ ಹಚ್ಚಿ ಹೊಂಟೋದ್ರು. ಕಾಟಮ್ಮಜ್ಜಿ ಒಬ್ಬಳೇ ಮಲಗಿದ್ಲು. ಕೇಳ್ದೆ. ಇಲ್ಲ ಅನ್ನಲಿಲ್ಲ."

ಹೊಂಬಾಳಮ್ಮ ಕೆಂಡದ ಮುಂದೆ ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡಳು.

"ಚಳಿಯಾದ್ರೆ ನಮ್ಮನೇಗೇ ಬಾ ಅಂತಾನೂ ಕರೆದೆ!"

ಆಗ ಬಾಗಿಲು ತಟ್ಟಿದ ಸದ್ದು. ಅವಳು ತೆಗೀಬ್ಯಾಡ ಅನ್ನುವಷ್ಟರಲ್ಲೇ ಜವರ ತೆಗೆದ. ಹೊಸಿಲ ಮೇಲೆ ಯಾರೂ ಇಲ್ಲ. ಅವನು ಗಾಳಿಗೆ ಕೈ ಚಾಚಿ ಮುಟ್ಟಿ ನೋಡಿದ.

"ತಣ್ಣಗದೆ ಅವ್ವ! ಬಾ ಅಜ್ಜಿ, ಬೆಂಕಿ ಹತ್ರ ಕೂತ್ಕೊ."

ತೊಟ್ಟಿಲ ಪಕ್ಕ ಮಣೆ ಹಾಕಿದ. ಕೆಂಡ ಒಮ್ಮೆಲೇ ಮಂಕಾಯಿತು. ಹೊಂಬಾಳಮ್ಮ ಧಡಕ್ಕನೆ ಎದ್ದಳು. ಬೆಂಕಿ ಹೊರಗೆ ಹೋದರೆ ಬಂದವಳೂ ಹೋದಾಳು ಅಂತ, ಬರಿಗೈಯಲ್ಲೇ ಅಗ್ಗಿಷ್ಟಿಕೆ ಎತ್ತಿ ಬೀದಿಗೆ ಎಸೆದು ಓಡಿ ಬಂದಳು.

"ಹೋದಳೇನೋ?"

"ಹೋದ್ಲು ಅವ್ವ. ಬೆಂಕಿ ಹೋಯ್ತಲ್ಲ, ಚಳಿ ಅಂದ್ಲು. ಕೂಸು ಬೆಚ್ಚಗದೆ, ತಗೊಳ್ಳಲಾ ಅಂದ್ಲು. ಕೇಳೇ ತಗೊಂಡ್ಲು ಅವ್ವ! ನಾನು ಇಲ್ಲ ಅನ್ನಲಿಲ್ಲ."

ಹೊಂಬಾಳಮ್ಮ ಸುಟ್ಟ ಕೈಯನ್ನು ತೊಟ್ಟಿಲಿಗೆ ಹಾಕಿದಳು. ಕಂಬಳಿ ಮಾತ್ರ ಇನ್ನೂ ಬೆಚ್ಚಗಿತ್ತು.